ಹಳೇ ಜಮ್ಮಾ ಕಾಗದ ಓದಿಸಲು ಮಡಿಕೇರಿಯಲ್ಲಿ ಯಾರ ಹತ್ತಿರ ಹೋಗಬೇಕು? ಲಾ ಮೇಷ್ಟ್ರ ಬಗ್ಗೆ ನನ್ನ ಅಭಿಪ್ರಾಯ

ಕೊಡಗಿನಲ್ಲಿ ಜಮ್ಮಾದ್ದೋ (ಮನೆತನಕ್ಕೆ ಪರಂಪರೆಯಾಗಿ ಬಂದ ಹಿಡುವಳಿ) ಬೇರೆಯದ್ದೋ ಹಳೇ ಜಮೀನು ಕಾಗದ ಇಲ್ಲದ ಮನೆ ಕಡಿಮೆ, ಅದನ್ನು ಓದಬಲ್ಲವರು ಇರುವ ಮನೆ ಇನ್ನೂ ಕಡಿಮೆ. ಮುತ್ತಜ್ಜನ ಕಾಲದ ಕಟ್ಟು ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ. ಬಿಚ್ಚಿ ನೋಡಿದರೆ ಪದ ಬಿಡಿಸದೆ ಒಂದೇ ಸಮನೆ ಬರೆದ ಕನ್ನಡ, ಈಗ ಯಾರೂ ಬಳಸದ ಕಚೇರಿ ಮಾತುಗಳು, ಮೂಲೆಯಲ್ಲಿ ಒಂದು ಮುದ್ರೆ. ಅರ್ಥವಾಗದೆ ಮತ್ತೆ ಕಟ್ಟಿ ಇಡುತ್ತೇವೆ. ಪಹಣಿಯಲ್ಲಿ ಎಂದೋ ತೀರಿಹೋದ ಪಟ್ಟೇದಾರನ (ಮನೆತನದ ಯಜಮಾನ) ಹೆಸರು ಹಾಗೇ ಇರುತ್ತದೆ, ಮನೆಯಲ್ಲಿ ಮಾತ್ರ ಜಗಳ ತಲೆಮಾರು ದಾಟಿ ಮುಂದುವರಿಯುತ್ತದೆ. ಇಂಥ ಕಟ್ಟು ಇರುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮಡಿಕೇರಿಯಲ್ಲಿ ಒಬ್ಬ ನಿವೃತ್ತ ಲಾ ಪ್ರೊಫೆಸರ್ ಇದ್ದಾರೆ. ಶನಿವಾರ ಬೆಳಿಗ್ಗೆ ತಮ್ಮ ಮನೆಯ ಮಹಡಿಯಲ್ಲಿ ಕೂತು, ಜನ ತಂದ ಹಳೇ ದಾಖಲೆಗಳನ್ನು ಓದಿ, ಅದು ಯಾವ ಕಾಲದ್ದು, ಯಾವ ಕಾನೂನಿನ ಕೆಳಗೆ ಬರೆದದ್ದು, ಅದರಲ್ಲಿ ಏನಿದೆ ಅಂತ ವಿವರಿಸುತ್ತಾರೆ. ಹೆಸರು ಹಾಕಬೇಡಿ ಅಂತ ಅವರೇ ಕೇಳಿಕೊಂಡಿದ್ದಾರೆ, ಹಾಗಾಗಿ ಮೇಷ್ಟ್ರು ಅಂತಲೇ ಕರೆಯುತ್ತೇನೆ. ಮಡಿಕೇರಿಯ ಯಾವ ಹಿರಿಯ ವಕೀಲರನ್ನು ಕೇಳಿದರೂ ದಾರಿ ಹೇಳುತ್ತಾರೆ. ನಮ್ಮ ಮನೆಯವರು ಹೋಗಿ ಬಂದಿದ್ದೇವೆ. ಕಾಗದದಲ್ಲಿ ನಿಜವಾಗಿ ಏನಿದೆ ಅಂತ ತಿಳಿಯಬೇಕಾದರೆ ಖಂಡಿತ ಹೋಗಿ. ಕೇಸು ಗೆಲ್ಲಬೇಕು ಅಂತಿದ್ದರೆ ವಕೀಲರ ಹತ್ತಿರ ಹೋಗಿ. ಅದನ್ನು ಮೇಷ್ಟ್ರೂ ಮೊದಲೇ ಹೇಳಿಬಿಡುತ್ತಾರೆ.

ನಾವು ತಗೊಂಡು ಹೋದದ್ದು ಒಂದು ಸ್ಟ್ಯಾಂಪ್ ಕಾಗದ, ಮಡಚಿದ ಕಡೆಯೆಲ್ಲ ಹರಿದು ಹೋಗಿತ್ತು. ಅದರಲ್ಲಿ ಜಯ ಸಂವತ್ಸರ ಅಂತ ಬರೆದಿದೆ ಎನ್ನುವುದಷ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. 1834 ಜಯ ಸಂವತ್ಸರ. ಚಿಕ್ಕವೀರರಾಜೇಂದ್ರನನ್ನು ಇಂಗ್ಲಿಷರು ಪಟ್ಟದಿಂದ ಇಳಿಸಿ ಕೊಡಗನ್ನು ತೆಗೆದುಕೊಂಡ ವರ್ಷ. ಹಾಗಾಗಿ ಇದು ರಾಜ ಕೊನೆಯದಾಗಿ ನಮ್ಮ ಮನೆಗೆ ಕೊಟ್ಟ ಜಮೀನಿನ ಸನ್ನದು ಅಂತ ದೊಡ್ಡಪ್ಪ ಜೀವನಪೂರ್ತಿ ಹೇಳಿಕೊಂಡು ಬಂದಿದ್ದರು.

ಮೇಷ್ಟ್ರು ಕಾಗದ ಮುಟ್ಟುವ ಮೊದಲು ಕೈ ತೊಳೆದು ಒರೆಸಿಕೊಂಡರು. ಆಮೇಲೆ ಕಿಟಕಿ ಹತ್ತಿರ ಇಟ್ಟು ತುಂಬಾ ಹೊತ್ತು ಸುಮ್ನೆ ನೋಡಿದರು. ಅಕ್ಷರ ಓದುವ ಮೊದಲು ಮುದ್ರೆ ನೋಡುತ್ತಾರೆ ಅಂತ ನನಗೆ ಆಗ ಗೊತ್ತಾಯಿತು. "ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ ಅಲ್ವಾ? 1834 ಜಯ, 1894 ಕೂಡ ಜಯ. ಈ ಸ್ಟ್ಯಾಂಪಿನಲ್ಲಿ ಇರುವುದು ವಿಕ್ಟೋರಿಯಾ ರಾಣಿಯ ತಲೆ. ಆಕೆ ಪಟ್ಟಕ್ಕೆ ಬಂದದ್ದೇ 1837ರಲ್ಲಿ. ಹಾಗಾದರೆ ಇದು ಯಾವ ಜಯ ಸಂವತ್ಸರ, ನೀವೇ ಹೇಳಿ" ಅಂದರು. ದೊಡ್ಡಪ್ಪ ಮಾತಾಡಲಿಲ್ಲ. ಆ ಮೌನದಲ್ಲಿ ಮೇಷ್ಟ್ರು ಅವಸರ ಮಾಡಲಿಲ್ಲ, ಕಾಫಿ ತರಿಸಿದರು. ಅವರ ಈ ನಡವಳಿಕೆ ನನಗೆ ಬಹಳ ಹಿಡಿಸಿತು. ಒಬ್ಬ ಹಿರಿಯರು ಇಷ್ಟು ವರ್ಷ ನಂಬಿದ್ದನ್ನು ಸುಳ್ಳು ಅಂತ ಹೇಳುವಾಗಲೂ ಅವರನ್ನು ಸಣ್ಣವರಾಗಿ ಮಾಡಲಿಲ್ಲ.

ಆಮೇಲೆ ಓದಿದರು. ಅದು ಸನ್ನದು ಅಲ್ಲವೇ ಅಲ್ಲ, ಒಂದು ರಾಜಿ ಪತ್ರ. ನಮ್ಮ ಮನೆಯವರಿಗೂ ಪಕ್ಕದ ಮನೆಯವರಿಗೂ ಬಾಣೆಯ, ಅಂದರೆ ಗದ್ದೆಗೆ ಸೇರಿದ ಗುಡ್ಡದ ಜಾಗದ, ವಿಷಯದಲ್ಲಿ ಜಗಳ ಆಗಿದೆ. ಯಾರು ಸೊಪ್ಪು ಕಡಿಯಬೇಕು, ಯಾರು ಸೌದೆ ತರಬೇಕು, ದನ ಯಾವ ಕಡೆಯಿಂದ ಇಳಿಯಬೇಕು ಅಂತ ಊರಿನ ಹಿರಿಯರ ಮುಂದೆ ಒಪ್ಪಿಕೊಂಡು ಬರೆದಿದ್ದಾರೆ. ಕೊನೆಗೆ ಸಾಕ್ಷಿಗಳ ಹೆಸರು. ನಮಗೆ ಸ್ವಲ್ಪ ನಿರಾಸೆ ಆಯಿತು. ಮೇಷ್ಟ್ರಿಗೆ ಮಾತ್ರ ಸಂತೋಷವೋ ಸಂತೋಷ. "ರಾಜರ ಆಜ್ಞೆ, ಕಮಿಷನರ್ ಆರ್ಡರ್ ಎಲ್ಲಾ ಪತ್ರಾಗಾರದಲ್ಲಿ ಸಿಗುತ್ತೆ. ಕೋರ್ಟಿಗೆ ಹೋಗದೆ ಊರಲ್ಲೇ ತೀರ್ಮಾನ ಆದದ್ದು ಯಾವ ಫೈಲಿನಲ್ಲೂ ಇರಲ್ಲ. ಅದು ನಿಮ್ಮಂಥವರ ಪೆಟ್ಟಿಗೆಯಲ್ಲಿ ಮಾತ್ರ ಉಳಿದಿರುತ್ತೆ" ಅಂದರು. ಆ ಮಾತು ಕೇಳಿದ ಮೇಲೆ ದೊಡ್ಡಪ್ಪನ ಮುಖವೂ ಅರಳಿತು.

ಇವರಿಗೆ ಈ ವಿದ್ಯೆ ಎಲ್ಲಿಂದ ಬಂತು ಅಂತ ಕೇಳಿದೆ. ಅವರ ತಂದೆ ಶಾನುಭೋಗರು, ಹಳೇ ಕೈಬರಹ ಓದುವುದನ್ನು ಹುಡುಗನಾಗಿದ್ದಾಗಲೇ ಕಲಿತರಂತೆ. ಆಮೇಲೆ ಕಾನೂನು ಓದಿ, ಕೊಡಗಿನ ಹೊರಗೆ ಲಾ ಕಾಲೇಜುಗಳಲ್ಲಿ ಪಾಠ ಮಾಡಿದರು. ಕಾನೂನಿನ ಇತಿಹಾಸ ಅವರ ವಿಷಯ. ಲಾ ಓದಿದವರಿಗೆ ಆ ಪೇಪರ್ ನೆನಪಿರಬಹುದು. 1726ರ ಮೇಯರ್ ಕೋರ್ಟುಗಳು, 1773ರ ರೆಗ್ಯುಲೇಟಿಂಗ್ ಆಕ್ಟ್, ಕಲ್ಕತ್ತಾದಲ್ಲಿ 1775ರಲ್ಲಿ ನಂದಕುಮಾರನಿಗೆ ಗಲ್ಲು, 1861ರ ಹೈಕೋರ್ಟ್ ಕಾಯ್ದೆ. ಬಾಯಿಪಾಠ ಮಾಡಿ, ಬರೆದು, ಮರೆತುಬಿಡುವ ಪೇಪರ್. ಅದನ್ನು ವರ್ಷ ವರ್ಷ ಪಾಠ ಮಾಡುತ್ತಿದ್ದಾಗ ಅವರಿಗೆ ಒಂದು ವಿಷಯ ಕೊರೆಯಲು ಶುರುವಾಯಿತಂತೆ. ಪುಸ್ತಕದಲ್ಲಿ ಕಲ್ಕತ್ತಾ, ಮದ್ರಾಸು, ಬೊಂಬಾಯಿ ಎಲ್ಲಾ ಇದೆ, ಕೊಡಗು ಎಲ್ಲೂ ಇಲ್ಲ.

ಯಾಕಿಲ್ಲ ಅನ್ನುವುದಕ್ಕೂ ಕಾರಣ ಇದೆ. ಕೊಡಗು ಮದ್ರಾಸ್ ಪ್ರೆಸಿಡೆನ್ಸಿಗೂ ಸೇರಿರಲಿಲ್ಲ, ಮೈಸೂರು ಸಂಸ್ಥಾನಕ್ಕೂ ಸೇರಿರಲಿಲ್ಲ. ಪ್ರತ್ಯೇಕ ಚೀಫ್ ಕಮಿಷನರ್ ಪ್ರಾಂತ್ಯ. 1881ರಲ್ಲಿ ಮೈಸೂರನ್ನು ಒಡೆಯರಿಗೆ ಬಿಟ್ಟುಕೊಟ್ಟ ಮೇಲೆ ಮೈಸೂರಿನ ರೆಸಿಡೆಂಟೇ (ಅಲ್ಲಿದ್ದ ಇಂಗ್ಲಿಷ್ ಸರ್ಕಾರದ ಪ್ರತಿನಿಧಿ) ಕೊಡಗಿನ ಚೀಫ್ ಕಮಿಷನರ್. 1874ರ ಷೆಡ್ಯೂಲ್ಡ್ ಡಿಸ್ಟ್ರಿಕ್ಟ್ಸ್ ಆಕ್ಟಿನ ಪಟ್ಟಿಯಲ್ಲಿ ಕೊಡಗೂ ಇತ್ತು, ಅಂದ್ರೆ ಬೇರೆ ಕಡೆಯ ಕಾನೂನು ಇಲ್ಲಿಗೆ ತಾನಾಗಿ ಅನ್ವಯ ಆಗುತ್ತದೆ ಅಂತ ಹೇಳುವ ಹಾಗಿರಲಿಲ್ಲ. ಭೂಮಿಗೆ 1899ರ ರೆಗ್ಯುಲೇಷನ್ (ಕೊಡಗಿಗೆ ಅಂತಲೇ ಮಾಡಿದ ಕಾನೂನು), ಕೋರ್ಟುಗಳಿಗೆ 1901ರ ರೆಗ್ಯುಲೇಷನ್. ನಾವು ಹಳೇ ಕಾಗದಗಳಲ್ಲಿ ಆಕ್ಟ್ ಬದಲು ರೆಗ್ಯುಲೇಷನ್ ಅಂತ ಜಾಸ್ತಿ ನೋಡುವುದು ಇದಕ್ಕೇ. ಇಷ್ಟು ಸಣ್ಣ ಪ್ರಾಂತ್ಯಕ್ಕೆ ಇಷ್ಟು ಬೇರೆ ಕಾನೂನು ಇದ್ದದ್ದರಿಂದ ಪಠ್ಯಪುಸ್ತಕ ಬರೆಯುವವರು ಸುಲಭವಾಗಿ ಬಿಟ್ಟುಬಿಟ್ಟರು ಅಂತ ಮೇಷ್ಟ್ರ ಅಭಿಪ್ರಾಯ.

ಬಿಟ್ಟುಹೋದದ್ದನ್ನೇ ಇವರು ತಮ್ಮ ಸಂಶೋಧನೆ ಮಾಡಿಕೊಂಡರು. ರಜೆ ಬಂದರೆ ಬೆಂಗಳೂರಿನ ರಾಜ್ಯ ಪತ್ರಾಗಾರ, ಎಗ್ಮೋರಿನ ತಮಿಳುನಾಡು ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಪತ್ರಾಗಾರ. ಪೆನ್ನು ಒಳಗೆ ಬಿಡುವುದಿಲ್ಲ, ಎಲ್ಲಾ ಪೆನ್ಸಿಲಿನಲ್ಲಿ ನಕಲು ಮಾಡಿಕೊಳ್ಳಬೇಕು. ಕೇಳಿದ ಫೈಲು ಸಿಗುವುದಿಲ್ಲ, ಕೇಳದೇ ಇದ್ದ ಫೈಲಿನೊಳಗೆ ಬೇಕಾದ್ದು ಇರುತ್ತದೆ. ಜೊತೆಯವರು ಸಂವಿಧಾನ, ಕಂಪನಿ ಕಾನೂನು ಅಂತ ಹಿಡಿದು ಬೇಗ ಮೇಲೆ ಹೋದರು. ಇವರ ಲೇಖನಗಳನ್ನು ಓದಿದವರು ಕೆಲವರೇ. ಸೆಮಿನಾರುಗಳಲ್ಲಿ ಊಟ ಆದ ಮೇಲಿನ ಕೊನೇ ಹೊತ್ತು ಇವರಿಗೆ. ಇದನ್ನೆಲ್ಲ ದೂರು ಅಂತ ಹೇಳಲಿಲ್ಲ, ನಾನು ಕೇಳಿದ್ದಕ್ಕೆ ಹೇಳಿದರು. ನನಗೆ ಮಾತ್ರ ಬೇಸರವಾಯಿತು. ಒಂದು ಜಿಲ್ಲೆಯ ಅರ್ಧ ಜಮೀನು ವ್ಯಾಜ್ಯಗಳ ಬೇರು ಎಲ್ಲಿದೆ ಅಂತ ಹುಡುಕಿದ ಮನುಷ್ಯನಿಗೆ ವಿಶ್ವವಿದ್ಯಾಲಯಗಳು ಇನ್ನೂ ದೊಡ್ಡ ಜಾಗ ಕೊಡಬೇಕಿತ್ತು.

ಈಗ ಜಮ್ಮಾ ವಿಷಯ. ಎಲ್ಲರೂ ಕೇಳುವುದೇ ಅದು, ಮೇಷ್ಟ್ರು ಅದನ್ನು ವಿವರಿಸುವ ರೀತಿಯೂ ಬಹಳ ಚೆನ್ನಾಗಿದೆ. ಜಮ್ಮಾ ಅಂದರೆ ಮನೆತನಕ್ಕೆ ಪರಂಪರೆಯಾಗಿ ಬಂದ ಹಿಡುವಳಿ. ರಾಜರ ಕಾಲದಲ್ಲಿ ಜಮ್ಮಾ ಇದ್ದವರು ಯುದ್ಧಕ್ಕೆ ಹೋಗಬೇಕಿತ್ತು, ಕಾವಲು ಮುಂತಾದ ಕೆಲಸ ಮಾಡಬೇಕಿತ್ತು. ಅದಕ್ಕೇ ಕಂದಾಯ ಕಡಿಮೆ ಇತ್ತು. ನೂರು ಭಟ್ಟಿ (ಗದ್ದೆಯ ಹಳೇ ಅಳತೆ) ಗದ್ದೆಗೆ ಸಾಗುವಿನಲ್ಲಿ, ಅಂದರೆ ಪೂರ್ತಿ ಕಂದಾಯದ ಸಾಮಾನ್ಯ ಹಿಡುವಳಿಯಲ್ಲಿ, 10 ರೂಪಾಯಿ ಆದರೆ ಜಮ್ಮಾದಲ್ಲಿ 5 ರೂಪಾಯಿ. ಗದ್ದೆಗೆ ಸೇರಿದ ಹಾಗೆ ಬಾಣೆ. ಸೊಪ್ಪು, ಸೌದೆ, ಮೇವಿಗೆ. ಅದಕ್ಕೆ ಕಂದಾಯ ಇರಲಿಲ್ಲ. ಜಮ್ಮಾವನ್ನು ಮನಸ್ಸಿಗೆ ಬಂದ ಹಾಗೆ ಮಾರುವ ಹಾಗಿರಲಿಲ್ಲ, ಅಡವಿಡುವ ಹಾಗಿರಲಿಲ್ಲ. ಇಂಗ್ಲಿಷರು ಬಂದಾಗ, 1834ರ ಮೇ 7ರ ಘೋಷಣೆಯಲ್ಲಿ ಜನರ ಹಕ್ಕು ಮತ್ತು ಧಾರ್ಮಿಕ ಪದ್ಧತಿಗಳನ್ನು ಗೌರವಿಸುತ್ತೇವೆ ಅಂತ ಮಾತು ಕೊಟ್ಟರು. ಮುಂದೆ 1899ರ ರೆಗ್ಯುಲೇಷನಿನಲ್ಲಿ ಈ ಹಿಡುವಳಿಗಳು ಅಚ್ಚಾದ ಕಾನೂನಾಗಿ ಕೂತವು.

ಇಲ್ಲೇ ಮೇಷ್ಟ್ರ ಮುಖ್ಯ ವಾದ ಇರುವುದು. ರೆಗ್ಯುಲೇಷನ್ ಬರುವ ಮೊದಲು ಬಾಣೆಯ ಉಪಯೋಗ ಊರಿಂದ ಊರಿಗೆ, ಮನೆಯಿಂದ ಮನೆಗೆ ಬದಲಾಗುತ್ತಿತ್ತು, ನಮ್ಮ ರಾಜಿ ಪತ್ರದ ಹಾಗೆ ಮಾತಾಡಿ ಹೊಂದಿಸಿಕೊಳ್ಳುತ್ತಿದ್ದರು. ಕಾನೂನಿನಲ್ಲಿ ಬರೆದ ಮೇಲೆ ಆ ಹೊಂದಾಣಿಕೆಗೆ ಜಾಗ ಕಡಿಮೆಯಾಯಿತು. ಬಾಣೆಯಲ್ಲಿ ಕಾಫಿ ಬಂದ ಮೇಲಂತೂ ಸೊಪ್ಪು ಸೌದೆಯ ಜಾಗ ಹಣದ ಜಾಗವಾಯಿತು, ಬರಹ ಹಳೆಯದಾಗಿಯೇ ಉಳಿಯಿತು. ಬಾಣೆ ಯಾರದ್ದು, ಸರ್ಕಾರದ್ದಾ ಹಿಡುವಳಿದಾರರದ್ದಾ ಅಂತ ಮುಂದೆ ನೂರು ವರ್ಷ ಎಳೆದಾಡಲು ಇದೇ ಕಾರಣ ಅಂತ ಅವರು ಹೇಳುತ್ತಾರೆ.

1964ರ ಭೂಕಂದಾಯ ಕಾಯ್ದೆ ಬಂದು 1899ರ ರೆಗ್ಯುಲೇಷನ್ ಹೋದರೂ ಪ್ರಶ್ನೆ ಹೋಗಲಿಲ್ಲ. 1993ರಲ್ಲಿ ಹೈಕೋರ್ಟಿನ ಪೂರ್ಣಪೀಠ, ಬಾಣೆಯ ಮೇಲೆ ಹಿಡುವಳಿದಾರರಿಗೆ ಇರುವುದು ಸೀಮಿತ ಹಕ್ಕು ಅಂತ ಹೇಳಿತು. ಎಷ್ಟೋ ಮನೆಗಳಿಗೆ ಅದು ದೊಡ್ಡ ಏಟು. ಆಮೇಲೆ 2011ರ ತಿದ್ದುಪಡಿ ಕಾಯ್ದೆಯಲ್ಲಿ ಜಮ್ಮಾ ಬಾಣೆಯ ವಿಷಯ ಸರಿಪಡಿಸುವ ಪ್ರಯತ್ನ ಆಯಿತು. ಇದನ್ನೆಲ್ಲ ನಾನು ಪೇಪರಿನಲ್ಲಿ ಬಿಡಿ ಬಿಡಿಯಾಗಿ ಓದಿದ್ದೆ. ಯಾವುದಾದ ಮೇಲೆ ಯಾವುದು, ಯಾಕೆ ಅಂತ ಒಂದೇ ಎಳೆಯಲ್ಲಿ ಕೇಳಿದ್ದು ಆ ಮಹಡಿಯಲ್ಲೇ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿಗೂ ಜಮ್ಮಾಕ್ಕೂ ಇರುವ ನಂಟು ಅದೇ ಎಳೆಯಲ್ಲಿ ಬಂತು. ಕೊಡವರಿಗೆ ಮಾತ್ರ ಇರುವ ವಿನಾಯಿತಿ ಅಂತ ಹೊರಗಿನವರು ತಿಳಿದುಕೊಳ್ಳುತ್ತಾರೆ, ಜಮ್ಮಾ ಹಿಡುವಳಿದಾರರಿಗೂ ಇದೆ, ಅದನ್ನು 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದಿದೆ.

ನನ್ನ ಸ್ವಂತ ಪ್ರಶ್ನೆ ಬೇರೆ ಇತ್ತು. ಮನೆ ಮಗಳಾಗಿ ನನ್ನ ಹೆಸರು ಈ ಜಮೀನಿನಲ್ಲಿ ಬರುತ್ತದಾ ಅಂತ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆಗಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಅಂತ ಎಲ್ಲರಿಗೂ ಗೊತ್ತು, ನಮ್ಮಲ್ಲಿ ಮಾತ್ರ "ಜಮ್ಮಾ ಬೇರೆ" ಅಂತ ಬಾಯಿ ಮುಚ್ಚಿಸುತ್ತಾರೆ. ಮೇಷ್ಟ್ರು ನೇರ ಉತ್ತರ ಕೊಡಲಿಲ್ಲ. "ನೋಡಮ್ಮ, ಮೊದಲು ನಿಮ್ಮ ಮನೆಯವರು ಜಮ್ಮಾ ಅಂತ ಹೇಳುತ್ತಿರುವ ಜಾಗದಲ್ಲಿ ಎಷ್ಟು ನಿಜವಾಗಿ ಜಮ್ಮಾ, ಎಷ್ಟು ಸಾಗು, ಎಷ್ಟು ಆಮೇಲೆ ಕೊಂಡದ್ದು, ಎಷ್ಟು ಪೈಸಾರಿ (ಸರ್ಕಾರಿ ಜಾಗ) ಒತ್ತುವರಿ, ಅದನ್ನು ಬೇರೆ ಮಾಡು. ಒಂದೊಂದಕ್ಕೂ ಒಂದೊಂದು ದಾರಿ. ಆಮೇಲೆ ವಕೀಲರನ್ನು ನೋಡು" ಅಂದರು. ಆಗ ಸ್ವಲ್ಪ ಕೋಪ ಬಂತು, ನಿಜ. ಮನೆಗೆ ಬಂದು ಸರ್ವೆ ನಂಬರುಗಳನ್ನು ಒಂದೊಂದಾಗಿ ಬರೆದು ಪಟ್ಟಿ ಮಾಡಿದಾಗ ಅವರು ಹೇಳಿದ್ದರ ಬೆಲೆ ಗೊತ್ತಾಯಿತು. ಜಮ್ಮಾ ಅನ್ನುವ ಒಂದೇ ಮಾತಿನ ಕೆಳಗೆ ನಮ್ಮ ಮನೆಯಲ್ಲಿ ನಾಲ್ಕು ಥರದ ಜಮೀನು ಇತ್ತು. ಇದುವರೆಗೆ ಯಾರೂ ಅದನ್ನು ಬೇರೆ ಮಾಡಿ ನೋಡಿಯೇ ಇರಲಿಲ್ಲ.

ಅವರ ಹತ್ತಿರ ಹೋದಾಗ ಸಮಯ ಇದ್ದರೆ ರಾಜನ ಕೇಸಿನ ಬಗ್ಗೆ ಕೇಳಿ. ಚಿಕ್ಕವೀರರಾಜೇಂದ್ರನನ್ನು ಕಾಶಿಗೆ ಕಳಿಸಿದ್ದು, ಅವನು 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದದ್ದು, ವಿಕ್ಟೋರಿಯಾ ರಾಣಿ ಗೌರಮ್ಮನ ದೀಕ್ಷಾಮಾತೆಯಾದದ್ದು (ಗಾಡ್‌ಮದರ್) ಇಷ್ಟು ನಮಗೆ ಗೊತ್ತು. ಆದರೆ ಅವನು ಅಲ್ಲಿನ ಚಾನ್ಸರಿ ಕೋರ್ಟಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೇಲೆಯೇ ದಾವೆ ಹಾಕಿದ್ದ ಅನ್ನುವುದನ್ನು ನಾವು ಅಷ್ಟಾಗಿ ಮಾತಾಡುವುದಿಲ್ಲ. ತನ್ನ ಮನೆತನದ ಹಣ ಕಂಪನಿಯ ಸಾಲಪತ್ರಗಳಲ್ಲಿ ಇದೆ, ಅದನ್ನು ಕೊಡಿ ಅಂತ. 1859ರಲ್ಲಿ ಅವನು ಲಂಡನ್ನಿನಲ್ಲೇ ತೀರಿಕೊಂಡ. 1860ರ ತೀರ್ಪಿನಲ್ಲಿ ಕೋರ್ಟ್, ಯುದ್ಧದಲ್ಲಿ ವಶಪಡಿಸಿಕೊಂಡದ್ದು ರಾಜ್ಯದ ಅಧಿಕಾರದಿಂದ ಮಾಡಿದ ಕೆಲಸ, ಅದರಲ್ಲಿ ನಾವು ಕೈ ಹಾಕುವ ಹಾಗಿಲ್ಲ ಅಂದಿತು. ಮೇಷ್ಟ್ರು ಇದನ್ನು ಹೇಳುವಾಗ ದನಿ ಏರುತ್ತದೆ. ರಾಜನ ಕ್ರೌರ್ಯವನ್ನು ಅವರು ಮುಚ್ಚಿಡುವುದಿಲ್ಲ. ಅದೇ ಸಮಯದಲ್ಲಿ, ಪಟ್ಟ ಕಳೆದುಕೊಂಡ ಒಬ್ಬ ಮನುಷ್ಯ ಗೆದ್ದವರ ಊರಿಗೇ ಹೋಗಿ, ಗೆದ್ದವರ ಕೋರ್ಟಿನಲ್ಲೇ ನ್ಯಾಯ ಕೇಳಿದ್ದು ಸಣ್ಣ ಸಂಗತಿ ಅಲ್ಲ ಅನ್ನುತ್ತಾರೆ. ನನಗೂ ಹಾಗೇ ಅನಿಸಿತು. ಶಾಲೆಯಲ್ಲಿ ನಮಗೆ ಇದನ್ನು ಯಾರೂ ಹೇಳಲಿಲ್ಲ.

ಇನ್ನು ಕೊರತೆಗಳು. ಕಾಯಬೇಕು. ಬೆಳಿಗ್ಗೆ ಬೇಗ ಹೋದರೂ ನಿಮಗಿಂತ ಮೊದಲು ವಿರಾಜಪೇಟೆ, ಸೋಮವಾರಪೇಟೆ ಕಡೆಯಿಂದ ಬಂದವರು ಇರುತ್ತಾರೆ, ಒಂದು ಕಾಗದಕ್ಕೆ ಮೇಷ್ಟ್ರು ಎಷ್ಟು ಹೊತ್ತು ತಗೊಳ್ಳುತ್ತಾರೆ ಅಂತ ಹೇಳಲು ಆಗುವುದಿಲ್ಲ. ಮಹಡಿ ಮೆಟ್ಟಿಲು ಕಡಿದಾಗಿದೆ, ಮಂಡಿ ನೋವಿರುವ ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಮೊದಲೇ ಹೇಳಿ, ಕೆಳಗೆ ಬಂದು ಕೂರುತ್ತಾರೆ. ಫೋನ್ ಎತ್ತುವುದು ಅಪರೂಪ. ಓದಿದ್ದನ್ನು ಬರೆದು ಕೊಡುತ್ತಾರೆ, ಆದರೆ ಕೈಬರಹದಲ್ಲಿ ಮತ್ತು ನಿಧಾನಕ್ಕೆ. ಅದಕ್ಕೆ ಕೋರ್ಟಿನಲ್ಲಿ ಯಾವ ಅಧಿಕೃತ ಬೆಲೆಯೂ ಇಲ್ಲ. ಕಚೇರಿಯ ರೆಕಾರ್ಡ್ ರೂಮಿನಿಂದ ದೃಢೀಕರಿಸಿದ ನಕಲು ನೀವೇ ತೆಗೆಸಬೇಕು. ಯಾವ ವರ್ಷದ, ಯಾವ ನಾಡಿನ ಪುಸ್ತಕ ಕೇಳಬೇಕು ಅಂತ ಅವರು ಚೀಟಿ ಬರೆದು ಕೊಡುತ್ತಾರೆ, ಅದರಿಂದ ತುಂಬಾ ಅಲೆದಾಟ ಉಳಿಯುತ್ತದೆ. ಇನ್ನೊಂದು, ಕೆಲವರಿಗೆ ಅವರ ಮಾತು ಉದ್ದ ಅನಿಸಬಹುದು. ಒಂದು ಮುದ್ರೆ ಕೇಳಿದರೆ ಚಿಕ್ಕವೀರರಾಜೇಂದ್ರನ ತಂದೆ ಲಿಂಗರಾಜೇಂದ್ರನ ಹುಕುಂನಾಮೆಯಿಂದ (ರಾಜಾಜ್ಞೆ) ಶುರು ಮಾಡುತ್ತಾರೆ. ನನಗೆ ಅದೇ ಇಷ್ಟವಾಯಿತು, ನನ್ನ ಚಿಕ್ಕಪ್ಪನಿಗೆ ನಿದ್ದೆ ಬಂತು.

ಫೀಸ್ ಇಲ್ಲ. ಅದರ ಬದಲು ಒಂದು ಕೇಳುತ್ತಾರೆ. ಕಾಗದದ ಫೋಟೋ ತಮ್ಮ ಸಂಶೋಧನೆಗೆ ಇಟ್ಟುಕೊಳ್ಳಲಾ ಅಂತ. ಇಲ್ಲ ಅಂದರೂ ಓದಿಕೊಡುತ್ತಾರೆ, ಮುಖ ಗಂಟು ಹಾಕುವುದಿಲ್ಲ. ಹೌದು ಅಂದರೆ ಮನೆ ಹೆಸರು, ಸರ್ವೆ ನಂಬರು ಮುಚ್ಚಿ ಬಳಸುತ್ತೇನೆ ಅಂತ ಬರೆದು ಸಹಿ ಹಾಕಿ ಕೊಡುತ್ತಾರೆ. ನಮ್ಮ ಮನೆಯಲ್ಲಿ ಇದರ ಮೇಲೆ ವಾದ ಆಯಿತು. ನಾಳೆ ಪಕ್ಕದ ಮನೆಯವರ ಕೈಗೆ ಸಿಕ್ಕಿದರೆ ಅಂತ ಒಬ್ಬರು, ಪಕ್ಕದ ಮನೆಯವರ ಹತ್ತಿರವೂ ಇದರ ಇನ್ನೊಂದು ಪ್ರತಿ ಇದ್ದೇ ಇರಬೇಕಲ್ಲ ಅಂತ ಇನ್ನೊಬ್ಬರು. ಕೊನೆಗೆ ಕೊಟ್ಟೆವು. ಕೊಟ್ಟದ್ದು ಸರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಮಳೆಗೆ, ಗೆದ್ದಲಿಗೆ ಇನ್ನು ಎಷ್ಟು ವರ್ಷ ಆ ಕಾಗದ ತಡೆಯುತ್ತದೋ. ನನಗೆ ಇರುವ ಒಂದೇ ಆತಂಕ, ಮೇಷ್ಟ್ರ ಹತ್ತಿರ ಸೇರಿರುವ ಇಷ್ಟು ಫೋಟೋ, ಪೆನ್ಸಿಲ್ ನಕಲು ಎಲ್ಲಾ ಮುಂದೆ ಎಲ್ಲಿಗೆ ಹೋಗುತ್ತದೆ ಅನ್ನುವುದು. ಅವರಿಗೆ ವಯಸ್ಸಾಗಿದೆ. ಸ್ಕ್ಯಾನ್ ಮಾಡಿ ಒಂದು ಸಾರ್ವಜನಿಕ ಜಾಗದಲ್ಲಿ ಇಡಬೇಕು. ಕಂಪ್ಯೂಟರ್ ಗೊತ್ತಿರುವ ಹುಡುಗ ಹುಡುಗಿಯರು, ಲಾ ಓದುತ್ತಿರುವವರು ಇದ್ದರೆ ದಯವಿಟ್ಟು ಹೋಗಿ ಕೇಳಿ. ಅವರು ಕಲಿಸಲು ತಯಾರಿದ್ದಾರೆ, ಕಲಿಯುವವರು ಇಲ್ಲ.

ಹೋಗುವವರು ಇಷ್ಟು ಗಮನಿಸಿ. ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಒಂದು ಸಲ ಮಾಡಿಸಿದರೆ ಮೂಲ ಕಾಗದವನ್ನು ಬಿಡಿಸಲು ಆಗುವುದಿಲ್ಲ, ಮೇಷ್ಟ್ರಿಗೆ ಕೋಪ ಬರುವುದು ಇದೊಂದಕ್ಕೆ. ಸೆಲ್ಲೋ ಟೇಪ್ ಕೂಡ ಬೇಡ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಕಿ ತನ್ನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಲ ತರಲೇಬೇಡಿ, ಮಡಿಕೇರಿಯ ಮಳೆ ಹೇಗೆ ಅಂತ ಗೊತ್ತಲ್ಲ. ಹಗಲು ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆದು ತೋರಿಸಿದರೆ ಸಾಕು, ಹಿಂಭಾಗದ ಫೋಟೋ ಮರೆಯಬೇಡಿ, ಎಷ್ಟೋ ಸಲ ಮುಖ್ಯವಾದ ಷರಾ ಹಿಂದೆಯೇ ಇರುತ್ತದೆ. ಈಗಿನ ಆರ್‌ಟಿಸಿ (ಪಹಣಿ) ಪ್ರತಿಯೂ ಜೊತೆಗಿರಲಿ. ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಅನ್ನುವ ತಾಣದಲ್ಲಿ ಹಳೇ ಸರ್ಕಾರಿ ಫೈಲುಗಳನ್ನು ನೀವೇ ಹುಡುಕಬಹುದು, ಕೊಡಗನ್ನು ಇಂಗ್ಲಿಷಿನಲ್ಲಿ ಕೂರ್ಗ್ ಅಂತ ಹಾಕಿ ಹುಡುಕಿ ಅಂತ ಮೇಷ್ಟ್ರು ಬಂದವರಿಗೆಲ್ಲ ಹೇಳಿ ಕಳಿಸುತ್ತಾರೆ.

ನಮ್ಮ ಕಟ್ಟಿನಲ್ಲಿ ಇನ್ನೂ ಓದಿಸದ ಕಾಗದಗಳಿವೆ, ಒಂದರಲ್ಲಿ ಪಾರುಪತ್ತೆಗಾರರ (ಹಿಂದಿನ ಕಂದಾಯ ಅಧಿಕಾರಿ) ಸಹಿ ಇರುವ ಹಾಗೆ ಕಾಣುತ್ತದೆ. ಹುತ್ತರಿ ಹಬ್ಬ ಕಳೆದ ಮೇಲೆ ಮತ್ತೆ ಹೋಗುತ್ತೇವೆ. ನಾಪೋಕ್ಲು ಕಡೆಯಿಂದ ಬರುವವರಿದ್ದರೆ ನಮ್ಮ ಜೀಪಿನಲ್ಲಿ ಜಾಗ ಇದೆ, ಶುಕ್ರವಾರ ರಾತ್ರಿಯೊಳಗೆ ತಿಳಿಸಿ.